ಅಪ್ಪ ಹೂವು ನೋಡಲಿಲ್ಲ

ಅಪ್ಪನಿಗೆ 75 ತುಂಬಿದ ದಿನ ಅವರಿಗೊಂದು ಗ್ರೀಟಿಂಗ್ ಕಾರ್ಡ್ ಮಾಡಿ ಕೊಟ್ಟೆ. ಮೂರು ವರ್ಷ ಆಯಿತು. ಆ ಬೆಳಿಗ್ಗೆ ಮಾತ್ರ ಇನ್ನೂ ಮನಸ್ಸಿನಿಂದ ಹೋಗಿಲ್ಲ. ಹೊಸ ಹಾಳೆ ಕೈಗೆತ್ತಿಕೊಂಡಾಗೆಲ್ಲ ನೆನಪಾಗುತ್ತದೆ.

ಇಪ್ಪತ್ತು ವರ್ಷದಿಂದ ಕೈಯಲ್ಲಿ ಕಾರ್ಡ್ ಮಾಡುತ್ತಿದ್ದೇನೆ. ಅಕ್ಕನ ಮಕ್ಕಳ ಹುಟ್ಟುಹಬ್ಬಕ್ಕೆ, ಗೆಳತಿಯರ ಮದುವೆಗೆ, ಗೃಹಪ್ರವೇಶಕ್ಕೆ, ಮೊದಲ ಸಂಬಳ ತಗೊಂಡ ಪಕ್ಕದ ಮನೆ ಹುಡುಗನಿಗೆ, ನಿವೃತ್ತಿ ಆಗಿ ಹೊರಟ ಮೇಡಂಗೆ. ಎಷ್ಟು ಮಾಡಿದೆ ಅಂತ ಲೆಕ್ಕ ಇಟ್ಟಿಲ್ಲ. ಅಪ್ಪನಿಗೆ ಮಾತ್ರ ಒಂದೂ ಕೊಟ್ಟಿರಲಿಲ್ಲ. ಬೇಕಂತ ಅಲ್ಲ. ನಮ್ಮ ಮನೆಗಳಲ್ಲಿ ಅಪ್ಪನಿಗೆ ಕಾರ್ಡ್ ಕೊಡುವ ರೂಢಿ ಎಲ್ಲಿದೆ? ಹುಟ್ಟುಹಬ್ಬದ ದಿನ ಕಾಲು ಮುಟ್ಟಿ ನಮಸ್ಕಾರ ಮಾಡುತ್ತೇವೆ. ಅಮ್ಮ ಒಂದು ಪಾಯಸ ಮಾಡುತ್ತಾರೆ. ಅಲ್ಲಿಗೆ ಮುಗಿಯಿತು. ಒಂದೇ ಸೂರಿನ ಕೆಳಗೆ ಇರುವವರಿಗೆ ಲಕೋಟೆಯಲ್ಲಿ ಹಾಕಿ ಏನಾದರೂ ಕೊಡುವುದು ಅಂದರೆ ಎಂಥದೋ ಸಂಕೋಚ.

ಆ ವರ್ಷ ಸಂಕೋಚ ಬಿಟ್ಟೆ. ಸೇವಂತಿಗೆ ಮಾಡೋಣ ಅಂದುಕೊಂಡೆ. ಒಂದು ಸೆಂಟಿಮೀಟರ್ ಅಗಲದ ಹಳದಿ ಪಟ್ಟಿ ತಗೊಂಡು, ಅದರ ಒಂದು ಅಂಚನ್ನು ಬಾಚಣಿಗೆಯ ಹಲ್ಲಿನ ಹಾಗೆ ಸಣ್ಣಗೆ ಕತ್ತರಿಸುತ್ತಾ ಹೋಗಬೇಕು. ಮುಕ್ಕಾಲು ಭಾಗ ಕತ್ತರಿಸಿ ಕಾಲು ಭಾಗ ಬಿಡಬೇಕು. ಆಮೇಲೆ ಸುರುಳಿ ಸುತ್ತಿ, ಬುಡಕ್ಕೆ ಒಂದು ತೊಟ್ಟು ಅಂಟು ಹಾಕಿ, ಒಣಗಿದ ಮೇಲೆ ಉಗುರಿನಿಂದ ಎಸಳುಗಳನ್ನು ಒಂದೊಂದೇ ಹೊರಗೆ ಬಾಗಿಸಬೇಕು. ಅಂಥ ಒಂಬತ್ತು ಹೂವು. ಜೊತೆಗೆ ಎಲೆ, ದಂಟು. ನಾಲ್ಕು ಸಂಜೆ ಹಿಡಿಯಿತು. ಕಾಫಿಪುಡಿ ಬಣ್ಣದ ದಪ್ಪ ಕಾಗದದ ಮೇಲೆ ಹಳದಿ ಎದ್ದು ಕಾಣುತ್ತಿತ್ತು. ಇಷ್ಟು ವರ್ಷದಲ್ಲಿ ನಾನು ಮಾಡಿದ ಕಾರ್ಡ್‌ಗಳಲ್ಲೇ ಚೆನ್ನಾಗಿ ಬಂದದ್ದು ಅದು.

ಅಪ್ಪ ಕನ್ನಡಕ ಹಾಕಿಕೊಂಡರು. ಕಾರ್ಡ್ ತಗೊಂಡು ಕಿಟಕಿ ಹತ್ತಿರ ಹೋದರು. ಹೂವಿನ ಕಡೆ ನೋಡಲೇ ಇಲ್ಲ. ಕಾರ್ಡ್ ಬಿಚ್ಚಿ, ಮಡಿಕೆಯ ಮೇಲೆ ಹೆಬ್ಬೆರಳಿನ ಉಗುರು ಮೇಲಿನಿಂದ ಕೆಳಗಿನವರೆಗೆ ಆಡಿಸಿದರು. ಮುಚ್ಚಿದರು. ಕಣ್ಣಿನ ಮಟ್ಟಕ್ಕೆ ಹಿಡಿದು ಅಂಚು ನೋಡಿದರು. ಹಿಂದಿನ ಪುಟವನ್ನು ಎರಡು ಕೈಯಲ್ಲಿ ಹಿಡಿದು ಒಂದು ಸಲ ಉದ್ದಕ್ಕೆ, ಒಂದು ಸಲ ಅಡ್ಡಕ್ಕೆ ಸ್ವಲ್ಪವೇ ಬಾಗಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಗ್ರೇನ್ ಸರಿಯಾಗಿದೆ ಪುಟ್ಟಿ" ಅಂದರು. ಗ್ರೇನ್ ಅಂದರೆ ಕಾಗದದಲ್ಲಿ ನಾರು ಮಲಗಿರುವ ದಿಕ್ಕು. ಕಾರ್ಡನ್ನು ರೇಡಿಯೋ ಪಕ್ಕ ನಿಲ್ಲಿಸಿ ಸ್ನಾನಕ್ಕೆ ಹೋದರು.

ನನಗೆ ಗಂಟಲು ಕಟ್ಟಿದ ಹಾಗಾಯಿತು. ಖುಷಿಯೋ ಬೇಜಾರೋ ಆಗ ಗೊತ್ತಾಗಲಿಲ್ಲ.

ಬಿಲ್ಲೆಗಳು

ನಾನು ಬೆಳೆದದ್ದು ಭದ್ರಾವತಿಯ ಪೇಪರ್ ಟೌನ್‌ನಲ್ಲಿ. ಆ ಕಡೆಯವರಿಗೆ ಹೆಸರು ಹೇಳಿದರೆ ಸಾಕು, ಮೂಗಿಗೆ ಆ ವಾಸನೆ ಬಂದೇ ಬರುತ್ತದೆ. ಬಿದಿರು ಬೇಯಿಸುವ ವಾಸನೆ. ಹೊಸದಾಗಿ ಬಂದ ನೆಂಟರು ಮೂಗು ಮುಚ್ಚಿಕೊಳ್ಳುತ್ತಿದ್ದರು. ನಮಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಮೈಸೂರು ಪೇಪರ್ ಮಿಲ್ಸ್ ಅಂದರೆ 1936ರಲ್ಲಿ, ನಾಲ್ವಡಿಯವರ ಕಾಲದಲ್ಲಿ ಹುಟ್ಟಿದ ಕಾರ್ಖಾನೆ. ಅಪ್ಪ ಅಲ್ಲಿ ಲ್ಯಾಬ್‌ನಲ್ಲಿ ಇದ್ದರು. ಯಂತ್ರದಿಂದ ಬಂದ ಕಾಗದ ಸರಿ ಇದೆಯೋ ಇಲ್ಲವೋ ಅಂತ ಪರೀಕ್ಷೆ ಮಾಡುವುದು ಅವರ ಕೆಲಸ. ಎಷ್ಟು ಎಳೆದರೆ ಹರಿಯುತ್ತದೆ, ಎಷ್ಟು ಒತ್ತಿದರೆ ಒಡೆಯುತ್ತದೆ, ಎಷ್ಟು ತೂಗುತ್ತದೆ.

ತೂಕ ನೋಡುವುದಕ್ಕೆ ಒಂದು ಕಟ್ಟರ್ ಇರುತ್ತದೆ. ಹಾಳೆಯ ಮೇಲೆ ಇಟ್ಟು ತಿರುಗಿಸಿದರೆ ದುಂಡಗಿನ ಒಂದು ಬಿಲ್ಲೆ ಕತ್ತರಿಸಿ ಬರುತ್ತದೆ. ಅದರ ವಿಸ್ತೀರ್ಣ ಸರಿಯಾಗಿ 100 ಚದರ ಸೆಂಟಿಮೀಟರ್. ಅದನ್ನು ಗ್ರಾಂನಲ್ಲಿ ತೂಗಿ ನೂರರಿಂದ ಗುಣಿಸಿದರೆ ಒಂದು ಚದರ ಮೀಟರ್ ಕಾಗದದ ತೂಕ. ಅಂಗಡಿಯಲ್ಲಿ ನಾವು 80 ಜಿಎಸ್‌ಎಂ, 300 ಜಿಎಸ್‌ಎಂ ಅಂತ ಕೇಳುತ್ತೇವಲ್ಲ, ಅದೇ. ತೂಗಿ ಆದ ಬಿಲ್ಲೆಗಳು ಮತ್ತೆ ನೀರಿನ ತೊಟ್ಟಿಗೆ ಹೋಗಿ ಕರಗುತ್ತವೆ. ಮಿಲ್ಲಿನವರು ಇಂಥ ಮರಳಿ ಕರಗಿಸುವ ಕಾಗದಕ್ಕೆ ಬ್ರೋಕ್ ಅನ್ನುತ್ತಾರೆ. ಕರಗುವ ಮೊದಲು ಅದರಲ್ಲಿ ಒಂದು ಹಿಡಿ ಬಿಲ್ಲೆ ಅಪ್ಪನ ಷರ್ಟಿನ ಜೇಬಿನಲ್ಲಿ ನಮ್ಮ ಮನೆಗೆ ಬರುತ್ತಿತ್ತು. ನಮಗೆ ಆಟಕ್ಕೆ.

ಚೌಕದ ಹಾಳೆಗಿಂತ ಮೊದಲು ನನ್ನ ಕೈಗೆ ಬಂದದ್ದು ಆ ದುಂಡು ಬಿಲ್ಲೆ. ಅಮ್ಮ ಒಂದು ದಿನ ಕತ್ತರಿ ತಗೊಂಡು ಬಿಲ್ಲೆಯ ಅಂಚಿನಿಂದ ಶುರು ಮಾಡಿ, ಚಕ್ಕುಲಿ ಸುತ್ತಿನ ಹಾಗೆ ಒಳಗೆ ಒಳಗೆ ಕತ್ತರಿಸುತ್ತಾ ಹೋದರು. ನಡುವೆ ಕಡಲೆಬೇಳೆಯಷ್ಟು ಜಾಗ ಬಿಟ್ಟು ನಿಲ್ಲಿಸಿದರು. ಹೊರಗಿನ ತುದಿಯಿಂದ ಬಿಗಿಯಾಗಿ ಸುತ್ತಿಕೊಂಡು ಬಂದು, ಕೊನೆಗೆ ಆ ಉಳಿದ ಬಿಲ್ಲೆಯ ಮೇಲೆ ಅಂಟಿಸಿದರು. ಬೆರಳು ಬಿಟ್ಟರು. ಸುರುಳಿ ತಾನಾಗಿಯೇ ಸ್ವಲ್ಪ ಸಡಿಲ ಆಗಿ ಗುಲಾಬಿ ಆಯಿತು. ನನಗೆ ಏಳೋ ಎಂಟೋ ವರ್ಷ. ಆ ಬೆರಳು ಬಿಡುವ ಕ್ಷಣ ಇವತ್ತಿಗೂ ನನಗೆ ಅಷ್ಟೇ ಇಷ್ಟ. ಎಷ್ಟು ಸಡಿಲ ಆಗಬೇಕು ಅನ್ನುವುದನ್ನು ಕಾಗದವೇ ತೀರ್ಮಾನ ಮಾಡುತ್ತದೆ. ತೆಳು ಕಾಗದ ಜಾಸ್ತಿ ಬಿಚ್ಚಿಕೊಳ್ಳುವುದಿಲ್ಲ. ದಪ್ಪದ್ದು ಚಿಮ್ಮಿ ಬಿಚ್ಚಿಕೊಂಡು ಬಿಡುತ್ತದೆ. ಹೂವಿಗೆ 120 ಜಿಎಸ್‌ಎಂ ಸರಿ ಅಂತ ಈಗ ನಾನು ಹೇಳುತ್ತೇನೆ. ಆಗ ನನಗೆ ಗೊತ್ತಿದ್ದದ್ದು "ಅಪ್ಪ ಸೋಮವಾರ ತಂದಿದ್ದು ಚೆನ್ನಾಗಿ ಬರುತ್ತೆ, ಗುರುವಾರದ್ದು ಬರಲ್ಲ" ಅಂತ ಅಷ್ಟೇ.

ಆ ಗುಲಾಬಿಯನ್ನೇ ಒಂದು ರಟ್ಟಿನ ತುಂಡಿಗೆ ಅಂಟಿಸಿ ನಮ್ಮ ಟೀಚರ್‌ಗೆ ಸಂಕ್ರಾಂತಿಗೆ ಕೊಟ್ಟೆ. ಒಳಗೆ "ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡಿ" ಅಂತ ಬರೆದಿದ್ದೆ. ಆಗ ಸಂಕ್ರಾಂತಿ ಬಂತೆಂದರೆ ತಳ್ಳುಗಾಡಿ ತುಂಬ ಗ್ರೀಟಿಂಗ್ಸ್ ಇರುತ್ತಿತ್ತು, ನೆನಪಿದೆಯಾ? ಸಿನಿಮಾ ನಟರ ಫೋಟೋ, ಗುಲಾಬಿ ಹಿಡಿದ ಮಗು, ಮಿಣಮಿಣ ಪುಡಿ ಉದುರುವ ಕೃಷ್ಣ. ಶಾಲೆಯಲ್ಲಿ ಯಾರು ಯಾರಿಗೆ ಎಷ್ಟು ಬಂತು ಅಂತ ಲೆಕ್ಕ. ಲಕೋಟೆಯ ಬಾಯಿ ಅಂಟಿಸದೆ ಸುಮ್ನೆ ಒಳಗೆ ಮಡಚಿ, ಮೇಲೆ ಬುಕ್ ಪೋಸ್ಟ್ ಅಂತ ಬರೆದು ಕಮ್ಮಿ ಸ್ಟಾಂಪಿನಲ್ಲಿ ಕಳಿಸುತ್ತಿದ್ದೆವು. ನನ್ನ ಹತ್ತಿರ ತಳ್ಳುಗಾಡಿಯ ಕಾರ್ಡಿಗೆ ದುಡ್ಡು ಇರುತ್ತಿರಲಿಲ್ಲ. ಬಿಲ್ಲೆ ಇರುತ್ತಿತ್ತು.

ಡಬ್ಬದ ತುಂಬ ಗಣಪತಿ

ಸುರುಳಿ ಸುತ್ತುವ ಈ ಕೆಲಸಕ್ಕೆ ಕ್ವಿಲ್ಲಿಂಗ್ ಅನ್ನುತ್ತಾರೆ ಅಂತ ಗೊತ್ತಾದದ್ದು ಕಾಲೇಜು ಮುಗಿದ ಮೇಲೆ. ಯೂರೋಪಿನ ಮಠಗಳಲ್ಲಿ ಸನ್ಯಾಸಿನಿಯರು ಪುಸ್ತಕದ ಅಂಚು ಕತ್ತರಿಸಿ ಉಳಿದ, ಚಿನ್ನದ ಬಣ್ಣ ಬಳಿದ ಪಟ್ಟಿಗಳನ್ನು ಹಕ್ಕಿಯ ಗರಿಯ ದಂಟಿಗೆ ಸುತ್ತಿ ದೇವರ ಪಟಗಳಿಗೆ ಅಲಂಕಾರ ಮಾಡುತ್ತಿದ್ದರಂತೆ. ಆ ಗರಿಯ ಇಂಗ್ಲಿಷ್ ಹೆಸರು ಕ್ವಿಲ್. ಅದರಿಂದ ಕ್ವಿಲ್ಲಿಂಗ್. ಉಳಿದ ಕಾಗದದ ಚೂರು ಎಸೆಯಲು ಮನಸ್ಸಿಲ್ಲದ ಕೈಗಳಿಂದ ಹುಟ್ಟಿದ ಕೆಲಸ ಇದು. ಅದನ್ನು ಓದಿದಾಗ ಅಪ್ಪನ ಜೇಬಿನ ಬಿಲ್ಲೆಗಳು ನೆನಪಾದವು.

ನನ್ನ ಮೊದಲ ಸಲಕರಣೆ ಗೋಣಿ ಹೊಲಿಯುವ ದಬ್ಬಳ. ಅದರ ಕಣ್ಣಿನ ತುದಿಯನ್ನು ಇಕ್ಕಳದಿಂದ ಮುರಿದರೆ ಎರಡು ಕವಲು ಉಳಿಯುತ್ತದೆ. ಚೂಪು ತುದಿಯನ್ನು ಒಂದು ಬೆಂಡಿಗೆ ಚುಚ್ಚಿದರೆ ಹಿಡಿ ಆಯಿತು. ಆ ಕವಲಿನಲ್ಲಿ ಪಟ್ಟಿಯ ತುದಿ ಸಿಕ್ಕಿಸಿ ತಿರುಗಿಸಿದರೆ ಸುರುಳಿ ಸಿದ್ಧ. ಈಗ ನನ್ನ ಹತ್ತಿರ ಅಂಗಡಿಯಿಂದ ತಂದ ಸಲಕರಣೆ ಇದೆ. ಆದರೂ ಸಣ್ಣ ಸುರುಳಿಗೆ ದಬ್ಬಳವೇ ಬೇಕು. ಸುರುಳಿಯನ್ನು ಬಿಟ್ಟು, ಸಡಿಲ ಆದ ಮೇಲೆ ಒಂದು ಕಡೆ ಚಿವುಟಿದರೆ ಹನಿ. ಎರಡೂ ಕಡೆ ಚಿವುಟಿದರೆ ಎಲೆ. ಮೂರು ಕಡೆ ಚಿವುಟಿದರೆ ಮೋದಕದ ಹಾಗೆ ಒಂದು ಆಕಾರ. ಇಷ್ಟರಲ್ಲೇ ಮುಕ್ಕಾಲು ಕಾರ್ಡ್ ಮುಗಿಯುತ್ತದೆ. ಅಂಟು ಮಾತ್ರ ಕಡ್ಡಿಯ ತುದಿಯಲ್ಲಿ ಸಾಸಿವೆಯಷ್ಟು ತಗೋಬೇಕು. ಹೊಸದಾಗಿ ಕಲಿಯುವವರು ತಪ್ಪುವುದು ಇಲ್ಲೇ. ಜಾಸ್ತಿ ಅಂಟು ಹಾಕಿದರೆ ಗಟ್ಟಿ ಕೂರುತ್ತದೆ ಅಂದುಕೊಳ್ಳುತ್ತಾರೆ. ಒಣಗಿದ ಮೇಲೆ ಸುರುಳಿಯ ಸುತ್ತ ಹೊಳಪಿನ ಕಲೆ ಉಳಿಯುತ್ತದೆ, ಅದು ಹೋಗುವುದಿಲ್ಲ.

ಇನ್ನೊಂದು ನನಗೆ ತುಂಬ ಇಷ್ಟವಾದದ್ದು ಐರಿಸ್ ಫೋಲ್ಡಿಂಗ್. ಹಾಲೆಂಡಿನದು. ಕಾರ್ಡಿನಲ್ಲಿ ಒಂದು ಆಕಾರದ ಕಿಟಕಿ ಕತ್ತರಿಸಿ, ಹಿಂದಿನಿಂದ ಮಡಿಸಿದ ಪಟ್ಟಿಗಳನ್ನು ಒಂದರ ಮೇಲೊಂದು ತಿರುಗಿಸುತ್ತಾ ಅಂಟಿಸುವುದು. ಮುಂದಿನಿಂದ ನೋಡಿದರೆ ಕ್ಯಾಮರಾದ ಕಣ್ಣು ಮುಚ್ಚುತ್ತಾ ಬಂದ ಹಾಗೆ ಸುತ್ತು ಸುತ್ತಾಗಿ ಕಾಣುತ್ತದೆ. ಅಲ್ಲಿಯವರು ಇದಕ್ಕೆ ಲಕೋಟೆಗಳ ಒಳಗಿನ ಚಿತ್ತಾರದ ಕಾಗದ ಬಳಸುತ್ತಿದ್ದರು. ನಮಗೇನು ಕಮ್ಮಿ? ನಮ್ಮಲ್ಲಿ ಲಗ್ನಪತ್ರಿಕೆ ಇದೆ. ಅಷ್ಟು ಒಳ್ಳೆಯ ಕಾಗದ, ಜರಿಯ ಅಂಚು, ಕೆಂಪು ರೇಷ್ಮೆಯಂಥ ಒಳಪದರ, ಉಬ್ಬಿದ ಅಕ್ಷರ ಬೇರೆಲ್ಲಿ ಸಿಗುತ್ತದೆ? ಮದುವೆ ಮುಗಿದ ವಾರಕ್ಕೆ ಅದು ರದ್ದಿಗೆ ಹೋಗುತ್ತದೆ. ನಮ್ಮ ನೆಂಟರೆಲ್ಲ ಈಗ ಹಳೆ ಪತ್ರಿಕೆಗಳನ್ನು ನನಗೆ ತೆಗೆದಿಡುತ್ತಾರೆ. ಕಷ್ಟ ಏನೆಂದರೆ ಗಣಪತಿ. ಪ್ರತಿ ಪತ್ರಿಕೆಯಲ್ಲೂ ಒಬ್ಬ ಗಣಪತಿ ಇರುತ್ತಾನೆ. ಅವನನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಲು ಕೈ ಬರುವುದಿಲ್ಲ. ಎಸೆಯಲೂ ಆಗುವುದಿಲ್ಲ. ಮೊದಲು ಅವನನ್ನು ಜೋಪಾನವಾಗಿ ಬಿಡಿಸಿ ಒಂದು ಬಿಸ್ಕತ್ ಡಬ್ಬದಲ್ಲಿ ಇಡುತ್ತೇನೆ, ಆಮೇಲೆ ಉಳಿದದ್ದಕ್ಕೆ ಕತ್ತರಿ. ಡಬ್ಬ ತುಂಬಿ ಎರಡನೆಯದಕ್ಕೆ ಬಂದಿದೆ. ಗೃಹಪ್ರವೇಶದ ಕಾರ್ಡಿಗೆ ಅಲ್ಲಿಂದಲೇ ಒಬ್ಬೊಬ್ಬರು ಹೊರಡುತ್ತಾರೆ.

ಲಗ್ನಪತ್ರಿಕೆ ಅಂದಾಗ ಹೇಳಬೇಕು. ಪತ್ರಿಕೆಯ ನಾಲ್ಕು ಮೂಲೆಗೆ ಅರಿಸಿನ ಹಚ್ಚಿ ಕೊಡುತ್ತೇವಲ್ಲ, ನನ್ನ ಪಾಲಿಗೆ ಅದೂ ಕಾಗದದ ಅಲಂಕಾರವೇ. ಬೆರಳಿನ ಗುರುತು ಸಹ ಅದರಲ್ಲಿ ಉಳಿದಿರುತ್ತದೆ. ಅಮ್ಮನ ರಂಗೋಲಿ ಪುಸ್ತಕವೂ ಹಾಗೇ ನನಗೆ ದಾರಿ ತೋರಿಸಿತು. 15ರಿಂದ 8, ಸಂದು ಚುಕ್ಕಿ. ಆ ಚುಕ್ಕಿಗಳನ್ನು ದಪ್ಪ ಕಾಗದದ ಹಿಂಬದಿಗೆ ಗುರುತು ಮಾಡಿ, ಕೆಳಗೆ ಮಡಿಸಿದ ಟವೆಲ್ ಇಟ್ಟು, ಸೂಜಿಯಿಂದ ಚುಚ್ಚುತ್ತಾ ಹೋದರೆ ಮುಂದಿನ ಬದಿಯಲ್ಲಿ ರವೆಯಷ್ಟು ಸಣ್ಣ ಉಬ್ಬುಗಳು ಏಳುತ್ತವೆ. ಬಿಳಿ ಕಾಗದದ ಮೇಲೆ ಬಿಳಿ ರಂಗೋಲಿ. ದೀಪದ ಮುಂದೆ ಹಿಡಿದರೆ ತೂತುಗಳಿಂದ ಬೆಳಕು ಬರುತ್ತದೆ. ಕಣ್ಣು ಸರಿಯಾಗಿ ಕಾಣದ ನಮ್ಮ ದೊಡ್ಡಮ್ಮನಿಗೆ ಅಂಥದ್ದೊಂದು ಮಾಡಿ ಕೊಟ್ಟಿದ್ದೆ. ಬೆರಳಾಡಿಸಿ, "ಇದು ಮಲ್ಲಿಗೆ ಮೊಗ್ಗಿನ ರಂಗೋಲಿ" ಅಂತ ಹೇಳಿಬಿಟ್ಟರು.

ಮಳೆಗಾಲದ ಅರವತ್ತು ಕಾರ್ಡ್

ಇನ್ನು ಗ್ರೇನ್ ವಿಷಯ. ಇದನ್ನು ನಾನು ಕಲಿತದ್ದು ಅಪ್ಪನ ಮಗಳು ಅಂತಲ್ಲ, ಕೆಲಸ ಕೆಟ್ಟದ್ದರಿಂದ.

2013ರ ಜುಲೈ. ಪರಿಚಯದವರೊಬ್ಬರು ಮಗುವಿನ ನಾಮಕರಣಕ್ಕೆ ಕೈಯಲ್ಲಿ ಮಾಡಿದ 60 ಆಮಂತ್ರಣ ಬೇಕು ಅಂದರು. ದುಡ್ಡು ತಗೊಂಡು ಮಾಡಿದ ಮೊದಲ ಕೆಲಸ ಅದು. ಬೆಂಗಳೂರಿನ ಸುಲ್ತಾನ್‌ಪೇಟೆ ಕಡೆ ಹೋಗಿ ಒಳ್ಳೆಯ ಕುಂಕುಮ ಬಣ್ಣದ ದಪ್ಪ ಕಾಗದ ಆರಿಸಿದೆ. ಸಮಯ ಉಳಿಯಲಿ ಅಂತ ಅಂಗಡಿಯಲ್ಲೇ ಅಳತೆಗೆ ಕತ್ತರಿಸಿಕೊಂಡು ಬಂದೆ. ರಾತ್ರಿ ಮಡಿಸಲು ಕೂತೆ. ಮೊದಲ ಕಾರ್ಡಿನ ಮಡಿಕೆಯ ಉದ್ದಕ್ಕೂ ಬಿಳಿ ಬಿರುಕು ಕಾಣಿಸಿತು, ದಾರ ಎಳೆದ ಹಾಗೆ. ಎರಡನೆಯದಕ್ಕೂ ಹಾಗೇ. ಇಂಕ್ ಮುಗಿದ ಪೆನ್ನಿನಿಂದ ಗೀರು ಹಾಕಿಯೇ ಮಡಿಸಿದ್ದೆ. ಗೀರಿನ ಉಬ್ಬು ಒಳಗೆ ಬರುವ ಹಾಗೆಯೇ ಮಡಿಸಿದ್ದೆ. ಎಷ್ಟೋ ಜನ ಅದನ್ನು ತಿರುಗಾಮುರುಗಾ ಮಾಡುತ್ತಾರೆ, ನಾನು ಸರಿಯಾಗಿಯೇ ಮಾಡಿದ್ದೆ. ಆದರೂ ಬಿರುಕು. ಹೋಗಲಿ ಅಂತ ಮೇಲೆ ತೊಟ್ಟಿಲಿನ ಚಿತ್ರದ ಹಾಳೆ ಅಂಟಿಸಿ ಇಟ್ಟೆ. ಬೆಳಿಗ್ಗೆ ಎದ್ದು ನೋಡಿದರೆ ಎಲ್ಲಾ ಹಪ್ಪಳದ ಹಾಗೆ ಸೊಟ್ಟಗಾಗಿ ಕೂತಿವೆ. ಹೊರಗೆ ಬಿಡದೆ ಜಡಿಮಳೆ. ಆರು ದಿನ ಉಳಿದಿತ್ತು.

ಅಪ್ಪ ಆಗ ಭದ್ರಾವತಿಯಲ್ಲೇ ಇದ್ದರು. ಫೋನ್ ಮಾಡಿ ಅತ್ತೆ. ಅವರು ಸಮಾಧಾನ ಮಾಡಲಿಲ್ಲ. "ಯಾವ ಕಡೆ ಬಾಗಿದೆ? ಉದ್ದಕ್ಕೋ ಅಡ್ಡಕ್ಕೋ?" ಅಂದರು. ನೋಡಿ ಹೇಳಿದೆ. "ಮಡಿಕೆ ಎಲ್ಲಿದೆ?" ಹೇಳಿದೆ. "ಅದೇ ಹಾಳೆಯಿಂದ ಎರಡು ಪಟ್ಟಿ ಕತ್ತರಿಸು. ಎರಡೂ ಒಂದೇ ಉದ್ದ, ಒಂದೇ ಅಗಲ ಇರಲಿ. ಒಂದು ಉದ್ದಕ್ಕೆ ಕತ್ತರಿಸು, ಒಂದು ಅಡ್ಡಕ್ಕೆ. ಎರಡನ್ನೂ ಜೋಡಿಸಿ ಒಂದು ತುದಿ ಹಿಡಿದು ನಿಲ್ಲಿಸು. ಏನಾಯ್ತು?"

ಒಂದು ಪಟ್ಟಿ ನೆಟ್ಟಗೆ ನಿಂತಿತ್ತು. ಇನ್ನೊಂದು ಬಾಡಿದ ಸೊಪ್ಪಿನ ಹಾಗೆ ಜೋತು ಬಿದ್ದಿತ್ತು. ಅದೇ ಕಾಗದ, ಅದೇ ಅಳತೆ.

"ನಿಂತಿದ್ದು ಎಂಡಿ, ಜೋತು ಬಿದ್ದಿದ್ದು ಸಿಡಿ" ಅಂದರು ಅಪ್ಪ. ಮಿಲ್ಲಿನ ಮಾತು. ಮೆಷಿನ್ ಓಡುವ ದಿಕ್ಕು ಎಂಡಿ. ಅದಕ್ಕೆ ಅಡ್ಡ ಇರುವುದು ಸಿಡಿ. ಆಮೇಲೆ ಅಪ್ಪ ನಿಧಾನಕ್ಕೆ ಬಿಡಿಸಿ ಹೇಳಿದರು. ಯಂತ್ರದ ಬಾಯಿಗೆ ಬರುವ ಕಾಗದದ ಗಂಜಿಯಲ್ಲಿ ನೂರಕ್ಕೆ 99 ಭಾಗ ನೀರೇ. ಅದು ಓಡುತ್ತಿರುವ ಸಣ್ಣ ಜಾಲರಿಯ ಮೇಲೆ ಬೀಳುತ್ತದೆ. ನೀರು ಕೆಳಗೆ ಇಳಿದು ಹೋಗುತ್ತದೆ, ನಾರು ಮೇಲೆ ಉಳಿಯುತ್ತದೆ. ಹೊಳೆಯಲ್ಲಿ ತೇಲುವ ಕಡ್ಡಿ ನೀರು ಹರಿಯುವ ಕಡೆಗೇ ಮುಖ ಮಾಡುತ್ತದಲ್ಲ, ಹಾಗೆ ಜಾಸ್ತಿ ನಾರುಗಳು ಓಟದ ದಿಕ್ಕಿಗೇ ಮಲಗುತ್ತವೆ. ಆ ದಿಕ್ಕಿಗೆ ಮಡಿಸಿದರೆ ಮಡಿಕೆ ನಾರುಗಳ ನಡುವೆ ಹೋಗುತ್ತದೆ, ನಯವಾಗಿ ಬರುತ್ತದೆ. ಅಡ್ಡ ಮಡಿಸಿದರೆ ಪ್ರತಿ ನಾರನ್ನೂ ಮುರಿಯಬೇಕು. ಅದೇ ಬಿರುಕು. ಇನ್ನು ಅಂಟಿನ ನೀರು ಕುಡಿದಾಗ ನಾರು ಉದ್ದ ಆಗುವುದಿಲ್ಲ, ದಪ್ಪ ಆಗುತ್ತದೆ. ಅಂದರೆ ಹಾಳೆ ಒಂದೇ ಕಡೆಗೆ ಹಿಗ್ಗುತ್ತದೆ, ಒಣಗುವಾಗ ಅದೇ ಕಡೆಯಿಂದ ಎಳೆಯುತ್ತದೆ. ಕಾರ್ಡಿನ ಗ್ರೇನ್ ಒಂದು ದಿಕ್ಕು, ಮೇಲೆ ಅಂಟಿಸಿದ ಹಾಳೆಯದು ಇನ್ನೊಂದು ದಿಕ್ಕು ಆದರೆ ಎರಡೂ ಜಗಳ ಆಡುತ್ತವೆ. ಅದೇ ಸೊಟ್ಟ.

ಅಂಗಡಿಯವರು ದೊಡ್ಡ ಹಾಳೆಯಿಂದ ಜಾಸ್ತಿ ತುಂಡು ಬರಲಿ ಅಂತ ಅಡ್ಡ ಇಟ್ಟು ಕತ್ತರಿಸಿದ್ದರು. ನಾನು ಹೇಳಿರಲಿಲ್ಲ, ಅವರು ಕೇಳಿರಲಿಲ್ಲ. ಹೊಸ ಹಾಳೆ ತಂದೆ. ಒಂದೊಂದನ್ನೂ ಬಾಗಿಸಿ ನೋಡಿ, ನಾನೇ ಸ್ಟೀಲ್ ಸ್ಕೇಲ್ ಇಟ್ಟು ಕತ್ತರಿಸಿದೆ. ಅಂಟು ತೆಳ್ಳಗೆ ಸವರಿ, ಮೇಲೆ ಚಪಾತಿ ಮಣೆ, ಅದರ ಮೇಲೆ ದಪ್ಪ ನಿಘಂಟು ಹೇರಿ ರಾತ್ರಿ ಪೂರ್ತಿ ಬಿಟ್ಟೆ. ಐದು ದಿನದಲ್ಲಿ 60 ಮುಗಿಯಿತು. ಒಂದರ ಮಡಿಕೆಯಲ್ಲೂ ಬಿಳಿ ಗೆರೆ ಇರಲಿಲ್ಲ. ಯಾರೂ ಅದನ್ನು ಗಮನಿಸಲಿಲ್ಲ. "ತೊಟ್ಟಿಲು ಎಷ್ಟು ಚೆನ್ನಾಗಿದೆ" ಅಂದರು ಎಲ್ಲರೂ.

ಇಷ್ಟು ಗೊತ್ತಿದ್ದೂ, ಒಂಬತ್ತು ವರ್ಷ ಆದ ಮೇಲೆ ಅಪ್ಪ ಹೂವು ನೋಡದೆ ಮಡಿಕೆ ನೋಡಿದಾಗ ನನಗೆ ಗಂಟಲು ಯಾಕೆ ಕಟ್ಟಬೇಕಿತ್ತು?

ಒಳಗೆ ಏನು ಬರೆಯೋದು

ಇದನ್ನು ಯೋಚಿಸುವಾಗ ಎಸ್ತರ್ ಹೌಲ್ಯಾಂಡ್ ಎಂಬ ಹೆಣ್ಣುಮಗಳು ನೆನಪಾಗುತ್ತಾಳೆ. ಅಮೆರಿಕದ ವೂಸ್ಟರ್ ಊರಿನವಳು. 1847ರಲ್ಲಿ ಓದು ಮುಗಿಸಿ ಮನೆಗೆ ಬಂದಳು. ತಂದೆಗೆ ಊರಲ್ಲಿ ದೊಡ್ಡ ಪುಸ್ತಕ ಮತ್ತು ಕಾಗದದ ಅಂಗಡಿ. ಇಂಗ್ಲೆಂಡಿನಿಂದ ಬಂದ, ಜಾಲರಿ ಕಾಗದದ ಅಂಚಿದ್ದ ಒಂದು ವ್ಯಾಲೆಂಟೈನ್ ಕಾರ್ಡ್ ಅವಳ ಕೈಗೆ ಸಿಕ್ಕಿತು. ಇದಕ್ಕಿಂತ ಚೆನ್ನಾಗಿ ನಾನೇ ಮಾಡಬಲ್ಲೆ ಅನ್ನಿಸಿತು. ತಂದೆ ಕಾಗದ ತರಿಸಿಕೊಟ್ಟರು. ಅಣ್ಣತಮ್ಮಂದಿರಲ್ಲಿ ಒಬ್ಬ ಅಂಗಡಿಯ ವ್ಯಾಪಾರಕ್ಕೆ ಊರೂರು ಸುತ್ತುವಾಗ ಇವಳ ಮಾದರಿಗಳನ್ನೂ ತಗೊಂಡು ಹೋದ. 200 ಡಾಲರ್‌ನಷ್ಟು ಆರ್ಡರ್ ಬಂದರೆ ಸಾಕು ಅಂದುಕೊಂಡಿದ್ದಳಂತೆ, 5,000 ಡಾಲರ್‌ನಷ್ಟು ಬಂತು. ಗೆಳತಿಯರನ್ನು ಕರೆದು ಮನೆಯಲ್ಲೇ ಮೇಜಿನ ಸುತ್ತ ಕೂರಿಸಿದಳು. ಒಬ್ಬರು ಚಿತ್ರ ಕತ್ತರಿಸುವುದು, ಒಬ್ಬರು ಜಾಲರಿಯ ಕೆಳಗೆ ಬಣ್ಣದ ಕಾಗದ ಇಡುವುದು, ಒಬ್ಬರು ಅಂಟಿಸುವುದು. ಕಾರ್ಡಿನ ಹಿಂದೆ ಕೆಂಪು ಬಣ್ಣದಲ್ಲಿ ತನ್ನ ಹೆಸರಿನ ಒಂದು ಪುಟ್ಟ ಅಕ್ಷರ ಒತ್ತುತ್ತಿದ್ದಳು. 1881ರಲ್ಲಿ ತಂದೆಗೆ ಕಾಯಿಲೆ ಆಯಿತು. ನೋಡಿಕೊಳ್ಳಬೇಕು ಅಂತ ಅಷ್ಟು ದೊಡ್ಡ ವ್ಯಾಪಾರವನ್ನು ಮಾರಿಬಿಟ್ಟಳು. ಅವಳು ತನ್ನ ತಂದೆಗೆ ಒಂದಾದರೂ ಕಾರ್ಡ್ ಮಾಡಿ ಕೊಟ್ಟಿರಬಹುದಾ ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಅವಳ ಕಾರ್ಡಿನಲ್ಲಿ ಒಂದು ವಿಶೇಷ ಇತ್ತು. ಪದ್ಯವನ್ನು ಮುಂದೆ ಹಾಕದೆ ಒಳಗೆ ಇಡುತ್ತಿದ್ದಳು. ಇರುವ ಪದ್ಯ ಇಷ್ಟ ಆಗದಿದ್ದರೆ ಗಿರಾಕಿ ಬೇರೆ ಪದ್ಯ ಆರಿಸಿ ಅದರ ಮೇಲೆ ಅಂಟಿಸಿಕೊಳ್ಳಲಿ ಅಂತ ಆಮೇಲೆ ಪದ್ಯಗಳದ್ದೇ ಒಂದು ಪುಸ್ತಕ ತಂದಳು. ಆ ಕಷ್ಟ ನನಗೆ ಚೆನ್ನಾಗಿ ಅರ್ಥ ಆಗುತ್ತದೆ. ಸುರುಳಿ ಸುತ್ತುವುದು ಸುಲಭ. ಒಳಗಿನ ಖಾಲಿ ಪುಟ ಕಷ್ಟ. "ಹಾರ್ದಿಕ ಶುಭಾಶಯಗಳು" ಅಂತ ಬರೆದರೆ ಕಾರ್ಡಿನೊಳಗೆ ಫ್ಲೆಕ್ಸ್ ಕಟ್ಟಿದ ಹಾಗೆ ಕಾಣುತ್ತದೆ. ನಾವು ಆಡುವ ಮಾತನ್ನೇ ಬರೆದರೆ ಚೆಂದ. ಆದರೆ ಆಡುವ ಮಾತು ಪೆನ್ನಿಗೆ ಬರುವುದಿಲ್ಲ. ಗೆಳತಿಯೊಬ್ಬಳು ಕಿಮೋಥೆರಪಿ ತಗೊಳ್ಳುತ್ತಿದ್ದಳು. ಅವಳಿಗೆ ಮಾಡಿದ ಕಾರ್ಡಿಗೆ ಏನು ಬರೆಯಬೇಕು ಅಂತ ಎರಡು ದಿನ ಒದ್ದಾಡಿದೆ. ಕೊನೆಗೆ "ಶನಿವಾರ ಬರ್ತೀನಿ. ತಿಳಿಸಾರು ತರ್ತೀನಿ" ಅಂತ ಬರೆದೆ. ಶನಿವಾರ ಹೋದಾಗ ಆ ಪುಟ ಬಿಚ್ಚಿ ದಿಂಬಿನ ಪಕ್ಕ ಇಟ್ಟುಕೊಂಡಿದ್ದಳು. ಹೂವಿನ ಬದಿ ಗೋಡೆಯ ಕಡೆಗಿತ್ತು.

ಅಪ್ಪನ ಕಾರ್ಡಿನ ಒಳಗೆ ನಾನು ಏನು ಬರೆದಿದ್ದೆ ಅಂತ ನೀವು ಕೇಳಬಹುದು. ತಾರೀಖು ಬರೆದಿದ್ದೆ. ಅಷ್ಟೇ. ನಾಲ್ಕು ಸಂಜೆ ಹೂವು ಮಾಡಿ, ಐದನೇ ಸಂಜೆ ಪೆನ್ ಹಿಡಿದು ಒಂದು ಗಂಟೆ ಕೂತಿದ್ದೆ. "ಅಪ್ಪಾ" ಅಂತ ಬರೆದರೆ ಮುಂದೆ ಏನು? 47 ವರ್ಷದಲ್ಲಿ ನಾವಿಬ್ಬರೂ ಪ್ರೀತಿ ಅನ್ನುವ ಪದವನ್ನು ಒಬ್ಬರಿಗೊಬ್ಬರು ಹೇಳಿದವರಲ್ಲ. ಹಾಗಾಗಿ ಹೂವು ಜಾಸ್ತಿ ಮಾಡಿದೆ. ಮೊದಲು ಐದು ಅಂದುಕೊಂಡಿದ್ದೆ, ಒಂಬತ್ತು ಆಯಿತು.

ಅಪ್ಪ ಆ ಖಾಲಿ ಪುಟ ನೋಡಿದರು. ಮಡಿಕೆ ನೋಡಿದರು. ಅವರು 35 ವರ್ಷ ಪ್ರತಿದಿನ ಮಾಡಿದ ಕೆಲಸವನ್ನೇ ನನ್ನ ಕಾಗದಕ್ಕೂ ಮಾಡಿದರು. ಲ್ಯಾಬಿನಲ್ಲಿ ಸರಿ ಇಲ್ಲದ ರೀಲನ್ನು ಅವರು ಸರಿ ಇದೆ ಅಂದವರಲ್ಲ, ಅದು ಮನೆಯಲ್ಲಿ ಎಲ್ಲರಿಗೂ ಗೊತ್ತು. "ಗ್ರೇನ್ ಸರಿಯಾಗಿದೆ ಪುಟ್ಟಿ" ಅಂದರು. 2013ರ ಆ ಮಳೆಯ ದಿನ ಫೋನಿನಲ್ಲಿ ಹೇಳಿಕೊಟ್ಟದ್ದನ್ನು ನಾನು ಮರೆತಿಲ್ಲ ಅಂತ ಅವರಿಗೆ ಆ ಮಡಿಕೆಯಲ್ಲಿ ಗೊತ್ತಾಯಿತು. ಕಾರ್ಡ್ ಈಗಲೂ ರೇಡಿಯೋ ಪಕ್ಕವೇ ಇದೆ. ಹಳದಿ ಸ್ವಲ್ಪ ಮಾಸಿದೆ. ಮೂರು ಮಳೆಗಾಲ ಕಳೆದರೂ ಒಂದು ಚೂರೂ ಬಾಗಿಲ್ಲ.

ಬಾಣ

ಅದಾದ ಒಂದು ತಿಂಗಳಿಗೆ ಹೊಸ ಹಾಳೆ ತಂದು ದಿವಾನದ ಮೇಲೆ ಇಟ್ಟು ಕೆಲಸಕ್ಕೆ ಹೋಗಿದ್ದೆ. ಸಂಜೆ ಬಂದು ನೋಡಿದರೆ ಕಟ್ಟು ಬಿಚ್ಚಿತ್ತು. ಹಾಳೆಗಳನ್ನು ಎರಡು ರಾಶಿ ಮಾಡಿ ಜೋಡಿಸಿದ್ದರು. ಪ್ರತಿ ಹಾಳೆಯ ಹಿಂದೆ, ಕೆಳಗಿನ ಮೂಲೆಯಲ್ಲಿ, ಪೆನ್ಸಿಲಿನಲ್ಲಿ ಒಂದು ಪುಟ್ಟ ಬಾಣ. ನಾರು ಯಾವ ಕಡೆ ಮಲಗಿದೆ ಅಂತ. ಅಪ್ಪನ ಕೈ ಈಗ ಸ್ವಲ್ಪ ನಡುಗುತ್ತದೆ, ಹಾಗಾಗಿ ಬಾಣದ ಗೆರೆ ನೆಟ್ಟಗಿರಲಿಲ್ಲ. ದಿಕ್ಕು ಒಂದೂ ತಪ್ಪಿರಲಿಲ್ಲ.

ಅಂದಿನಿಂದ ಅದು ಅವರ ಕೆಲಸ. ನಾನು ಹಾಳೆ ತಂದರೆ ಸಾಕು, ಬೆಳಿಗ್ಗೆ ಪೇಪರ್ ಓದಿ ಮುಗಿಸಿ ಕೂರುತ್ತಾರೆ. ಒಂದೊಂದನ್ನೇ ಎತ್ತಿ, ಬಾಗಿಸಿ, ಬೆಳಕಿಗೆ ಹಿಡಿದು, ಬಾಣ ಹಾಕಿ ಇಡುತ್ತಾರೆ. ಅನುಮಾನ ಬಂದರೆ ಮೂಲೆಯ ಎರಡು ಅಂಚಿಗೂ ಒದ್ದೆ ಬೆರಳು ಸವರುತ್ತಾರೆ. ಯಾವ ಅಂಚು ಅಲೆ ಅಲೆಯಾಗಿ ಏಳುತ್ತದೋ ಅದು ಅಡ್ಡ. ನಾನು ಆ ಬಾಣಗಳನ್ನು ಅಳಿಸುವುದಿಲ್ಲ. ಕಾರ್ಡ್ ಕತ್ತರಿಸುವಾಗ ಕೆಲವು ಬಾಣ ತುಂಡಿನ ಜೊತೆ ಹೋಗುತ್ತವೆ, ಕೆಲವು ಅಂಟಿಸಿದ ಹಾಳೆಯ ಕೆಳಗೆ ಮುಚ್ಚಿಹೋಗುತ್ತವೆ. ಒಂದೊಂದು ಸಲ ಕಾರ್ಡಿನ ಹಿಂದೆ ಹಾಗೇ ಉಳಿಯುತ್ತವೆ.

ಹೋದ ಯುಗಾದಿಗೆ ಧಾರವಾಡದ ಗೆಳತಿಗೆ ಒಂದು ಕಾರ್ಡ್ ಕಳಿಸಿದ್ದೆ. ಮಾವಿನೆಲೆ ತೋರಣ, ನಡುವೆ ಬೇವಿನ ಹೂವು. ಎರಡು ದಿನ ಬಿಟ್ಟು ಫೋನ್ ಬಂತು.

"ಭಾಳ ಚಲೋ ಆಗೇದ. ಆದರ ಹಿಂದ ಪೆನ್ಸಿಲ್‌ಲೆ ಒಂದು ಬಾಣ ಹಾಕೀಯಲ್ಲ, ಅದೇನು? ಹಂಗ ತಿರುಗಿಸಿ ಇಡಬೇಕೇನು?"

"ಅದು ನಾನು ಹಾಕಿದ್ದಲ್ಲ, ನಮ್ಮಪ್ಪ" ಅಂದೆ. ಅಪ್ಪ ಅಲ್ಲೇ ಕೂತಿದ್ದರು. ಫೋನ್ ಅವರ ಕೈಗೆ ಕೊಟ್ಟೆ. ಅವರು ಕನ್ನಡಕ ಸರಿ ಮಾಡಿಕೊಂಡು, ಫೋನಿನಲ್ಲಿ ಅವಳಿಗೆ ಕಾಣಿಸುತ್ತದೆ ಅನ್ನುವ ಹಾಗೆ ಪಕ್ಕದ ರಾಶಿಯಿಂದ ಒಂದು ಹಾಳೆ ಎತ್ತಿಕೊಂಡರು.

"ಹೇಳ್ತೀನಿ ಕೇಳಮ್ಮ" ಅಂದರು. "ಮೊದಲು ನೀನೂ ಒಂದು ಹಾಳೆ ತಗೋ."